ತೆಂಕಲ ಮಸುಕು ಕಂಡ ಸೋಬಕ್ಕ

"ನೆಟ್ಟಗೆ ನೋಡಬ್ಯಾಡ ಮಾವ. ತುಸು ಪಕ್ಕಕ್ಕೆ ನೋಡು, ಕಾಣ್ತದೆ."

ಕಂಬಳಿ ನೇಯುವ ಮಾಳಿಂಗನಿಗೆ ಅವನ ಹೆಂಡತಿ ಸೋಬಕ್ಕ ಆಡಿದ ಕೊನೆಯ ಮಾತು ಇದು ಅಂತಾರೆ. ಹೇಳಿ ಕಣ್ಣು ಮುಚ್ಚಿದಳು. ಬಲು ಹಿಂದೆ, ಕಲ್ಲುಗುಡ್ಡದ ಬುಡದ ಒಂದೂರಲ್ಲಿ ನಡೆದದ್ದು. ಯಾವ ಕಾಲ ಅಂತ ಕೇಳಬೇಡಿ. ನನಗೆ ಹೇಳಿದವರಿಗೂ ಗೊತ್ತಿರಲಿಲ್ಲ.

ಸೋಬಕ್ಕನ ಕಣ್ಣು ಅಂಥಿಂಥ ಕಣ್ಣಲ್ಲ. ಮೂರು ಹೊಲದಾಚೆ ಮೇಯುವ ಕುರಿಯ ಕಿವಿಯಲ್ಲಿ ಉಣ್ಣಿ ಇದ್ದರೆ ಇಲ್ಲಿಂದಲೇ ಹೇಳುತ್ತಿದ್ದಳಂತೆ. ಏಳು ಹೊಲ ಅನ್ನುವವರೂ ಇದ್ದಾರೆ. ಮಗ್ಗದ ಮನೆಯಲ್ಲಿ ಅವಳ ಕೆಲಸ, ಕರಿ ಉಣ್ಣೆಯಿಂದ ಬಿಳಿ ಕೂದಲು ಆರಿಸಿ ತೆಗೆಯುವುದು. ದೇವರ ಗದ್ದುಗೆಗೆ ಹಾಸುವ ಕಂಬಳಿಯಲ್ಲಿ ಒಂದು ಬಿಳಿ ಕೂದಲೂ ಇರಬಾರದು. ಅದು ಆ ಊರಿನ ಕಟ್ಟು.

ಒಂದು ಬೇಸಿಗೆ, ಉಂಡು ಅಂಗಳದಲ್ಲಿ ಕೂತಾಗ, ತೆಂಕಲ ಆಕಾಶದಲ್ಲಿ ಅವಳಿಗೆ ಒಂದು ಮಸುಕು ಕಂಡಿತು. ಚುಕ್ಕಿಯಲ್ಲ, ಮೋಡವಲ್ಲ. ತೊಗರಿಬೇಳೆಯನ್ನು ಓರೆಯಾಗಿ ಹಿಡಿದ ಹಾಗೆ. ನಡು ಉಬ್ಬು, ತುದಿ ಎರಡೂ ಸಣ್ಣ. ದಿನಾ ಅದೇ ಚುಕ್ಕಿಗಳ ನಡುವೆ. ಊರಿಗೆಲ್ಲ ತೋರಿಸಿದಳು. ಯಾರಿಗೂ ಕಾಣಲಿಲ್ಲ.

"ತೆಂಕಲು ಯಮನ ದಿಕ್ಕು ಕಣೇ. ನೆಂಟಸ್ತನ ಬೆಳೆಸ್ತೀಯಾ?" ಅಂತ ಬಾವಿಕಟ್ಟೆಯಲ್ಲಿ ಹೆಂಗಸರು ನಗುತ್ತಿದ್ದರಂತೆ. ಮಾಳಿಂಗನೂ ನೋಡಿದ. ಕಾಣಲಿಲ್ಲ. "ಇಲ್ಲದ್ದನ್ನ ಐತೆ ಅಂತೀಯಲ್ಲೇ," ಅಂದ. ಎಲ್ಲರ ಎದುರಿಗೆ ಅಂದ. ಆಮೇಲೆ ಅವಳು ಯಾರನ್ನೂ ಕರೆಯಲಿಲ್ಲ. ಒಬ್ಬಳೇ ನೋಡಿದಳು.

ಮರುವರ್ಷದ ಬೇಸಿಗೆಗೆ ಜ್ವರ ಬಂದು ಹೋದಳು. ಸುಳ್ಳು ಕಂಡಳು, ಯಮನನ್ನು ತಾನೇ ಕರೆದಳು ಅಂತ ಊರು ಆಡಿಕೊಂಡಿತು. ಸುಳ್ಳು ಅನ್ನುವ ಮಾತು ಮೊದಲು ತನ್ನ ಬಾಯಿಂದಲೇ ಬಂದದ್ದು ಅಂತ ಮಾಳಿಂಗನಿಗೆ ಗೊತ್ತಿತ್ತು. ಅವಳು ಕಂಡದ್ದು ನಿಜವೋ ಅಲ್ಲವೋ, ಅದೊಂದು ತಿಳಿಯದೆ ಅವನಿಗೆ ಮಗ್ಗಕ್ಕೆ ಇಳಿಯಲಾಗಲಿಲ್ಲ.

ಅಂಗಳದಲ್ಲಿ ಕೂತ. ನೆಟ್ಟಗೇ ನೋಡಿದ. ಅವಳು ಬೇಡ ಅಂದದ್ದನ್ನೇ ಮಾಡಿದ, ಗಂಡಸಲ್ಲವೇ. ಎಂಟು ದಿನ ಅಂತಾರೆ. ಒಂದು ತಿಂಗಳು ಅಂತಾರೆ. ಕೊನೆಗೆ ಸಾಕಾಗಿ, ಅವಳು ಹೇಳಿದ ಹಾಗೆ, ಪಕ್ಕದ ಚುಕ್ಕಿಯ ಮೇಲೆ ಕಣ್ಣಿಟ್ಟ. ಕಣ್ಣಂಚಿನಲ್ಲಿ ಅದು ಮೆಲ್ಲಗೆ ಮೂಡಿತು. ತಿರುಗಿ ನೆಟ್ಟಗೆ ನೋಡಿದ, ಇಲ್ಲ. ಪಕ್ಕಕ್ಕೆ ನೋಡಿದ, ಇದೆ.

"ಐತೆ ಕಣೇ," ಅಂದನಂತೆ. ಅಂಗಳದಲ್ಲಿ ಯಾರೂ ಇರಲಿಲ್ಲ.

ಮಾರನೆಯ ಬೆಳಿಗ್ಗೆ ಮಗ್ಗಕ್ಕೆ ಇಳಿದ. ಗದ್ದುಗೆ ಕಂಬಳಿ ಮುಗಿಯಲು ಒಂದು ಗೇಣು ಉಳಿದಿತ್ತು. ಅವಳು ಆರಿಸಿ ಬುಟ್ಟಿಗೆ ಹಾಕಿದ್ದ ಬಿಳಿ ಕೂದಲಿನಲ್ಲಿ ಒಂದು ಚಿಟಿಕೆ ತೆಗೆದ. ಅವಳು ಕಂಡ ಮಸುಕಿನ ಹಾಗೆ ಅಂಚಿನ ಹತ್ತಿರ ಸೇರಿಸಿ ನೇಯ್ದ. ಕಂಬಳಿ ಕೇಳಲು ಬಂದ ಊರಗೌಡ ನೋಡಿ ಬೆಚ್ಚಿದ.

"ಏನೋ ಮಾಳಿಂಗ, ಗದ್ದುಗೆ ಕೆಡಿಸಿದೆಯಲ್ಲೋ! ಕಣ್ಣಿಗೆ ಪೊರೆ ಬಂತೇನೋ?"

"ಇದ್ದ ಪೊರೆ ನಿನ್ನೆ ಬಿಟ್ಟಿತು ಗೌಡ್ರೇ. ಕತ್ತಲಾದ ಮೇಲೆ ಬನ್ನಿ, ಆಕೆ ಕಂಡದ್ದನ್ನ ತೋರಿಸ್ತೀನಿ. ಕಾಣದಿದ್ರೆ ಈ ಮಗ್ಗ ಕಿತ್ತು ಒಲೆಗೆ ಹಾಕಿ."

ಗೌಡ ಬಂದ. ಊರೂ ಬಂತು. ಮಗ್ಗ ಒಲೆಗೆ ಹೋಗಲಿಲ್ಲ.

ಇವತ್ತಿಗೂ ಆ ಸೀಮೆಯ ಗದ್ದುಗೆ ಕಂಬಳಿಯ ಒಂದು ಅಂಚಿಗೆ ಚಿಟಿಕೆ ಬಿಳಿ ಉಣ್ಣೆ ಇರುತ್ತದಂತೆ. ಹಾಸುವಾಗ ಆ ಅಂಚು ತೆಂಕಲಿಗೆ. ಬಿಳಿ ಇಡುವ ಕೈ ನೇಯುವವನದಲ್ಲ, ಅವನ ಹೆಂಡತಿಯದು. ಹೆಂಡತಿಯನ್ನು ಕಳೆದುಕೊಂಡವನು ಮಾತ್ರ ತಾನೇ ಇಡುತ್ತಾನೆ.