ಕತ್ತೆಯ ಬಲಗಿವಿ ಮತ್ತು ನಲವತ್ತನೆಯ ನಿಯಮ

"ಅಕ್ಕಾ, ಸಿರಿಗೋಡಿಗೆ ಇದೇ ದಾರಿಯೇ?"

"ಇದೇ. ಆದರೆ ಊರು ನಿನ್ನ ಬೆನ್ನ ಹಿಂದೆ ಇದೆ ತಂಗಿ."

ಏಳು ರಾಜ್ಯ ಸುತ್ತಿದವಳು ನಾನು. ಏಳರಲ್ಲೂ ದಾರಿ ತಪ್ಪಿದ್ದೇನೆ. ಹೋದಲ್ಲೆಲ್ಲ ಜನರಿಗೆ ಓಲೆ ಬರೆದುಕೊಟ್ಟು ಹೊಟ್ಟೆ ಹೊರೆಯುವುದು ನನ್ನ ಕಸುಬು. ದಾರಿ ಹೇಳಿದವಳು ಕುಂಬಾರರ ಗಿರಿಯವ್ವ. ತಲೆಯ ಮೇಲೆ ಮಣ್ಣಿನ ಬುಟ್ಟಿ. ಕೋಟೆ ಬಾಗಿಲವರೆಗೂ ತಾನೇ ಬಂದು, ಬುತ್ತಿಯಲ್ಲಿದ್ದ ಒಂದೇ ರೊಟ್ಟಿಯಲ್ಲಿ ಅರ್ಧ ಮುರಿದುಕೊಟ್ಟಳು.

"ಇಷ್ಟು ಮಣ್ಣು ಹೊರೋಕೆ ಕತ್ತೆ ಇಲ್ಲವೇ ಅಕ್ಕ?"

ಕೇಳಬಾರದಿತ್ತು.

"ಇತ್ತು! ಬಲಗಿವಿ ಎರಡು ಸೀಳಾದ ನನ್ನ ಕೆಂಚನ್ನ ದಿಕ್ಕಿಲ್ಲದ ಕತ್ತೆ ಅಂತ ಎಳೆದೊಯ್ದ ಆ ಅರಮನೆ ಲಾಯದವನ ಮೀಸೆ ಉದುರಿಹೋಗಲಿ! ಸಭೆಯಲ್ಲೂ ಇದನ್ನೇ ಹೇಳಿದೆ. ಗುರುತು ಹೇಳಲಿಲ್ಲ ಅಂತ ತೀರ್ಪಾಯ್ತು. ಈಗ ನಾನೇ ಕತ್ತೆ."

"ಗುರುತು ಈಗ ಹೇಳಿದೆಯಲ್ಲ?"

"ಆಗಲೂ ಹೇಳಿದೆ ಕಣೇ!"

"ನಿನ್ನ ರೊಟ್ಟಿ ತಿಂದಿದ್ದೇನೆ. ನೋಡ್ತೀನಿ ಇರು."

ಸಿರಿಗೋಡಿನ ಪದ್ಧತಿಯೇ ವಿಚಿತ್ರ. ಅರಸ ಬಂಕದೇವ ಯಾರ ದೂರನ್ನೂ ನೇರವಾಗಿ ಕೇಳುವುದಿಲ್ಲ. ಬರಹಗಾರರ ಮುಖ್ಯಸ್ಥ ದೇಮರಸ ಬರೆದ ಓಲೆಯನ್ನು ಓದಿಸಿ ತೀರ್ಪು ಕೊಡುತ್ತಾನೆ. ಅರಸನ ಅಪ್ಪಣೆಗಳೂ ಅಷ್ಟೇ, ದೇಮರಸನ ಓಲೆಯಲ್ಲಿ ಬಂದರೆ ಮಾತ್ರ ಅಪ್ಪಣೆ.

ಅರಮನೆಯ ಛತ್ರದಲ್ಲಿ ಉಂಡೆ. ಸಾರಿನ ಹುಳಿಗೆ ಹಲ್ಲು ಜುಮ್ಮೆಂದಿತು.

"ಅರಸರಿಗೂ ಇದೇ ಸಾರಮ್ಮ," ಎಂದ ಅಡುಗೆಯವ. "ಹುಳಿ ಕಡಿಮೆ ಮಾಡು ಅಂತ ಇವತ್ತಿನವರೆಗೂ ಓಲೆ ಬಂದಿಲ್ಲ."

ನಾನು ನಗುತ್ತ ಸಭೆಗೆ ನಡೆದೆ. ಅಲ್ಲಿ ದೇಮರಸ ಹೊಸ ಪುಸ್ತಕ ಎತ್ತಿ ಹಿಡಿದಿದ್ದ.

"ಸಭೆಯ ಮಾತು ಬರೆಯುವವರಿಗೆ ನಲವತ್ತು ನಿಯಮ! ಎಲ್ಲಿ ಗೆರೆ ಹಾಕಬೇಕು, ಎಲ್ಲಿ ಜೋಡಿಗೆರೆ, ಎಲ್ಲಿ ಯಾವ ವಿಭಕ್ತಿ, ಎಲ್ಲ ಇದೆ. ತಪ್ಪು ತೋರಿಸಿದವರಿಗೆ ನನ್ನ ಬೆಳ್ಳಿಯ ಕಂಟ!"

ಓಲೆ ಕೊರೆಯುವ ಆ ಕಂಟ ಫಳಫಳ ಹೊಳೆಯುತ್ತಿತ್ತು. ಪುಸ್ತಕ ಇಸಕೊಂಡು ನೋಡಿದೆ. ಮೂವತ್ತೊಂಬತ್ತು ನಿಯಮ ಸೊಗಸಾಗಿದ್ದವು. ನಲವತ್ತನೆಯದು: 'ಬೈಗುಳ ಬಂದರೆ ಹಿಂದಿನ ಗೆರೆಯಿಂದ ಮುಂದಿನ ಗೆರೆಯವರೆಗೆ ಇಡೀ ವಾಕ್ಯವನ್ನು ಬಿಡತಕ್ಕದ್ದು.'

"ಅದ್ಭುತ," ಎಂದೆ. "ಅಂದಹಾಗೆ ಪ್ರಭು, ನಿನ್ನೆಯ ಸಾರು ಹೇಗಿತ್ತು?"

ಅರಸನ ಮುಖ ಹುಣಸೆಹಣ್ಣಾಯಿತು. "ಅದನ್ನೇಕೆ ಕೇಳ್ತೀ ತಾಯಿ! ತಿಂಗಳಿಂದ ಬಡಕೊಳ್ತಿದ್ದೇನೆ. 'ಆ ಮುಠ್ಠಾಳ ಇನ್ನೊಮ್ಮೆ ಇಷ್ಟು ಹುಣಸೆ ಹಿಂಡಿದರೆ ಅವನನ್ನೇ ಹಿಂಡಿಬಿಡ್ತೀನಿ' ಅಂತ ನಿನ್ನೆಯೂ ಹೇಳಿದೆ. ಯಾರು ಕೇಳ್ತಾರೆ?"

"ದೇಮರಸರೇ, ನಿನ್ನೆಯ ಓಲೆ ಓದ್ತೀರಾ?"

ದೇಮರಸ ರಾಗವಾಗಿ ಓದಿದ: "ಪ್ರಭುಗಳು ಊಟಕ್ಕೆ ಕುಳಿತರು. ಪ್ರಭುಗಳು ಊಟದಿಂದ ಎದ್ದರು."

"ನಡುವೆ?" ಎಂದ ಅರಸ.

"ನಡುವೆ... ನಲವತ್ತನೆಯ ನಿಯಮ, ಪ್ರಭು."



"ಪ್ರಭು," ಎಂದೆ, "ನಿಮ್ಮ ಹುಣಸೆ ಹೋದ ದಾರಿಯಲ್ಲೇ ಕುಂಬಾರರ ಗಿರಿಯವ್ವನ ಕತ್ತೆಯೂ ಹೋಗಿದೆ. ಅದರ ಗುರುತು ಅವಳ ಬೈಗುಳದೊಳಗಿತ್ತು. ಲಾಯದಲ್ಲಿ ಅದರ ಬಲಗಿವಿ ನೋಡಿಸಿ, ಎರಡು ಸೀಳಿರಬೇಕು."

ಹೋದ ಆಳು ಓಡಿಬಂದ. "ಎರಡೇ ಸೀಳು, ಪ್ರಭು!"

ಅರಸ ನಕ್ಕ ನಗುವಿಗೆ ಕಿರೀಟ ಕಿವಿಗೆ ಜಾರಿತು. "ಕತ್ತೆಯನ್ನ ಅವಳಿಗೆ ಬಿಟ್ಟುಕೊಡಿ ಮೊದಲು! ಇದಕ್ಕೇನು ಮದ್ದು ತಾಯಿ?"

"ಗೆರೆ ಎಲ್ಲಿ ಎಳೆಯಬೇಕು ಅಂತ ದೇಮರಸರೇ ಹೇಳಲಿ, ಪ್ರಭು. ಗೆರೆಗಳ ನಡುವೆ ಏನಿರಬೇಕು ಅನ್ನೋದನ್ನ ಮಾತಾಡಿದವರು ಹೇಳಲಿ."

"ಹೊಡೆದುಹಾಕಯ್ಯ ಆ ನಿಯಮವನ್ನ, ಮುಠ್ಠಾಳ!" ಎಂದ ಅರಸ ತಡೆದು, "ಇದನ್ನೂ ಬರೆದುಕೊಳ್ಳಿ, ದೇಮರಸರೇ."

ಸಂಜೆಗೆ ಕೆಂಚನ ಹಗ್ಗವನ್ನು ಗಿರಿಯವ್ವನ ಕೈಗಿಟ್ಟೆ. "ರೊಟ್ಟಿಯ ಋಣ ತೀರಿತೇ ಅಕ್ಕ?"

ಅವಳು ಕತ್ತೆಯ ಹರಿದ ಕಿವಿ ಸವರುತ್ತ ಹೇಳಿದಳು: "ರೊಟ್ಟಿಯದು ತೀರಿತು. ದಾರಿ ತೋರಿಸಿದ್ದು?"

ದೇಮರಸನಿಂದ ಗೆದ್ದು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಬೆಳ್ಳಿಯ ಕಂಟ ತೆಗೆದು ಕೊಟ್ಟೆ. ಅವಳು ಅದರ ಮೊನೆಯನ್ನು ಹಸಿ ಮಡಕೆಯೊಂದರ ಕೊರಳ ಸುತ್ತ ಆಡಿಸಿ, ತಲೆದೂಗಿದಳು.

"ಗೆರೆ ಚೆನ್ನಾಗಿ ಬೀಳ್ತದೆ."