ಕುಡಿಯುವ ತಲೆಯೆಣ್ಣೆ

ಗಿಡಮೂಲಿಕೆ ಎಣ್ಣೆ ಕಂಪನಿಯ ಮಾಲೀಕರಾದ ನರಹರಿ ಪಂಡಿತರು ಗುಮಾಸ್ತನನ್ನು ಗದರಿದರು. “ಈ ತಲೆಯೆಣ್ಣೆಯಿಂದ ಯಾವ ಅಡ್ಡಪರಿಣಾಮವೂ ಇಲ್ಲ ಅಂತ ಲೇಬಲ್ ಮೇಲೆ ಬರಿ. ಇಲ್ಲಾಂದ್ರೆ ನಾಳೆಯಿಂದ ಬರಬೇಡ!”

“ಬರೀತೀನಿ ಸ್ವಾಮಿ. ಹಚ್ಚಿದ ಕಡೆಯೆಲ್ಲ ಕೂದಲು ಬರುತ್ತೆ ಅಲ್ವಾ?”

“ಮೂರೇ ದಿನಕ್ಕೆ!”

“ಅಜೀರ್ಣಕ್ಕೆ ಕುಡಿಯೋದೂ ಇದನ್ನೇ?”

“ಹೌದಯ್ಯ. ನಾನೇ ದಿನಾ ಎರಡು ಚಮಚ ಕುಡಿತೀನಿ.”

“ಹಾಗಾದ್ರೆ ಹೊಟ್ಟೆಯೊಳಗೆ?”

ಪಂಡಿತರ ಗಂಟಲಲ್ಲಿ ಏನೋ ಕಚಗುಳಿ ಇಟ್ಟಂತಾಯಿತು. ಕೆಮ್ಮಿದರು. ಹೊಟ್ಟೆ ಹಿಡಿದುಕೊಂಡರು. “ಅಯ್ಯೋ, ಬೇಗ ಕರಿಯೋ!”

“ಡಾಕ್ಟರನ್ನೋ, ಕ್ಷೌರದವನನ್ನೋ?”

“ಇಬ್ಬರನ್ನೂ!”

ಗುಮಾಸ್ತ ಅವರ ಬೋಳುತಲೆಯನ್ನೊಮ್ಮೆ ನೋಡಿದ. “ಹೆದರಬೇಡಿ ಸ್ವಾಮಿ. ಹತ್ತು ವರ್ಷದಿಂದ ತಲೆಗೂ ಇದನ್ನೇ ಹಚ್ಚಿದ್ದೀರಿ. ಅಲ್ಲೇ ಒಂದೂ ಬಂದಿಲ್ಲ.”

ಪಂಡಿತರು ನೆಮ್ಮದಿಯ ಉಸಿರು ಬಿಟ್ಟರು.

ಗುಮಾಸ್ತ ಪೆನ್ನು ತೆಗೆದ. “ಈಗ ಹೇಳಿ, ಲೇಬಲ್ ಮೇಲೆ ಯಾವುದನ್ನ ಬರೆಯದೆ ಬಿಡಲಿ? ಕೂದಲು ಬರುತ್ತೆ ಅನ್ನೋದನ್ನೋ, ಅಡ್ಡಪರಿಣಾಮ ಇಲ್ಲ ಅನ್ನೋದನ್ನೋ?”