ಮಂಗಟ್ಟೆ ಹಕ್ಕಿಯ ಹಸಿವು

ಹಾವು, ಹದ್ದುಗಳ ಭಯಕ್ಕೆ ತಾಯಿ ಮಂಗಟ್ಟೆ ಹಕ್ಕಿ ಮರದ ಪೊಟರೆ ಸೇರಿ, ಬಾಗಿಲಿಗೆ ಮಣ್ಣು ಮೆತ್ತಿ ಮುಚ್ಚಿಕೊಂಡು ಒಳಗೇ ಮರಿ ಮಾಡಿದ್ದಳು. ಕೊಕ್ಕು ತೂರುವಷ್ಟು ಸಂದಿ ಮಾತ್ರ ಇತ್ತು. ಗಂಡ ದಿನವಿಡೀ ಅತ್ತಿಹಣ್ಣು ತಂದು ಆ ಸಂದಿಯಲ್ಲಿ ಕೊಡುತ್ತಿದ್ದ. ತಾನು ಮಾತ್ರ ಒಂದನ್ನೂ ತಿನ್ನುತ್ತಿರಲಿಲ್ಲ.

ಒಂದು ಮಧ್ಯಾಹ್ನ ಹಣ್ಣು ತಂದವನು ನಿತ್ರಾಣನಾಗಿ ಕೊಂಬೆಯಿಂದ ಜಾರಿದ. ಹೇಗೋ ರೆಕ್ಕೆ ಬಡಿದು ಮೇಲೆ ಬಂದ.

“ಇವತ್ತು ನೀವೇನು ತಿಂದಿರಿ?” ಎಂದು ಹೆಂಡತಿ ಒಳಗಿನಿಂದ ಕೇಳಿದಳು.

“ನನ್ನದಿರಲಿ. ಮೊದಲು ನಿಮ್ಮಿಬ್ಬರ ಹೊಟ್ಟೆ ತುಂಬಲಿ.”

ಅವಳು ಕೊಕ್ಕನ್ನು ಒಳಗೆಳೆದುಕೊಂಡಳು. “ಹಾಗಾದರೆ ಈ ಹಣ್ಣು ನನಗೆ ಬೇಡ. ನೀವು ದಾರಿಯಲ್ಲೆಲ್ಲೋ ಬಿದ್ದರೆ ನಮಗೆ ತಿಳಿಯುವುದೂ ಇಲ್ಲ. ಇಲ್ಲೇ ಕಾಯುತ್ತಾ ಕೂತಿರುತ್ತೇವೆ.”

“ಮರಿ ಅಳುತ್ತಿದೆಯಲ್ಲ.”

“ಸ್ವಲ್ಪ ಹೊತ್ತು ಅಳಲಿ, ನಾನು ಸಮಾಧಾನ ಮಾಡುತ್ತೇನೆ. ನೀವು ತಿನ್ನಿ.”

ಗಂಡ ಹಣ್ಣು ನುಂಗಿದ. ಹೊಟ್ಟೆಗೆ ಬಿದ್ದ ಮೇಲೆಯೇ ತನಗೆಷ್ಟು ಹಸಿವಾಗಿತ್ತೆಂದು ತಿಳಿಯಿತು. ಎಲೆಯ ನೆರಳಲ್ಲಿ ಕಣ್ಣು ಮುಚ್ಚಿ ಕೂತು, ದಣಿವಾರಿದ ಮೇಲೆ ಹಾರಿಹೋದ.

ಅಂದಿನಿಂದ ಅವನು ತಂದ ಮೊದಲ ಹಣ್ಣನ್ನು ಅವಳು ಸಂದಿಯಿಂದಲೇ ಅವನ ಬಾಯಿಗಿಡುತ್ತಿದ್ದಳು. ಅವನು ನುಂಗುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಮರಿಗೆ ಉಣಿಸುತ್ತಿದ್ದಳು.